ಇಂಗ್ಲೆಂಡಿನ ಊರ ಚರ್ಚುಗಳು: ಕಲ್ಲು, ಗಾಜು, ಮರ – ನಿಮಗೆ ಯಾವುದು?

ಮಕ್ಕಳ ಮನೆಗೆಂದು ಬೆಂಗಳೂರು, ಮೈಸೂರುಗಳಿಂದ ರೆಡಿಂಗಿಗೋ ಮಿಲ್ಟನ್ ಕೀನ್ಸಿಗೋ ಬರುವ ಹಿರಿಯರು ಮೊದಲ ತಿಂಗಳಲ್ಲೇ ಲಂಡನ್ನಿನ ಸೇತುವೆ, ಅರಮನೆ, ವಸ್ತುಸಂಗ್ರಹಾಲಯಗಳನ್ನು ನೋಡಿ ಮುಗಿಸಿರುತ್ತಾರೆ. ಆಮೇಲೆ ಒಂದು ಪ್ರಶ್ನೆ ಬರುತ್ತದೆ. "ಯಾವ ಹಳ್ಳಿಗೆ ಹೋದರೂ ಒಂದು ಹಳೆಯ ಚರ್ಚು ಇದೆಯಲ್ಲ, ಅದರೊಳಗೆ ನಮ್ಮಂಥವರು ಹೋಗಬಹುದೇ? ಹೋಗುವುದಾದರೆ ಯಾವುದಕ್ಕೆ ಹೋಗಬೇಕು?"

ಧಾರಾಳವಾಗಿ ಹೋಗಬಹುದು. ಊರ ಚರ್ಚಿಗೆ ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ, ನೀವು ಯಾವ ಮತದವರೆಂದು ಯಾರೂ ಕೇಳುವುದಿಲ್ಲ. ಎರಡನೆಯ ಪ್ರಶ್ನೆಯೇ ಕಷ್ಟದ್ದು. ಚರ್ಚ್ ಆಫ್ ಇಂಗ್ಲೆಂಡಿನ ಕಟ್ಟಡಗಳೇ ಸುಮಾರು 16,000 ಇವೆ. ಪಟ್ಟಿ ಹಿಡಿದುಕೊಂಡು ದಿನಕ್ಕೆ ಐದಾರು ನೋಡಿದರೆ ಸಂಜೆಯ ಹೊತ್ತಿಗೆ ಎಲ್ಲವೂ ಕಲಸಿಹೋಗಿ, ಯಾವ ಗೋಪುರ ಯಾವ ಊರಿನದು ಎಂಬುದೇ ನೆನಪಿರುವುದಿಲ್ಲ. ನಾನು ಹೇಳುವ ಕ್ರಮ ಬೇರೆ. ನಿಮ್ಮ ಕಣ್ಣಿಗೆ ಹಿತವಾಗುವುದು ಕಲ್ಲಿನ ಕೆತ್ತನೆಯೋ, ಬಣ್ಣದ ಗಾಜೋ, ಮರದ ಕೆಲಸವೋ ಎಂದು ಮೊದಲು ಕೇಳಿಕೊಳ್ಳಿ. ಆಮೇಲೆ ಒಂದು ದಿನಕ್ಕೆ ಒಂದು, ಹೆಚ್ಚೆಂದರೆ ಎರಡು ಚರ್ಚುಗಳನ್ನು ಆರಿಸಿಕೊಳ್ಳಿ.

ಕ್ಯಾಥೆಡ್ರಲ್ ನೋಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಕ್ಯಾಥೆಡ್ರಲ್ ಎಂದರೆ ಬಿಷಪ್ಪರ ಪೀಠವಿರುವ ಸ್ಥಳ, ಅದರ ಹಿಂದೆ ದೊರೆಗಳ, ಮಠಗಳ ಹಣವಿದೆ. ಅನೇಕ ಕಡೆ ಪ್ರವೇಶಶುಲ್ಕವೂ ಇದೆ. ಊರ ಚರ್ಚನ್ನು ಕಟ್ಟಿಸಿದವರು ಆ ಊರಿನ ಜಮೀನುದಾರರು, ಉಣ್ಣೆ ವ್ಯಾಪಾರಿಗಳು, ರೈತರು, ಅವರ ವಿಧವೆಯರು. ಅಲ್ಲಿ ಹುಟ್ಟಿದ ಮಕ್ಕಳಿಗೆ ಜ್ಞಾನಸ್ನಾನ ಮಾಡಿಸಿದ ಕಲ್ಲಿನ ತೊಟ್ಟಿ ಒಳಗಿದ್ದರೆ, ಸತ್ತವರ ಸಮಾಧಿಗಳು ಹೊರಗಿವೆ. ಒಂದು ಊರಿನ ಎಂಟುನೂರು ವರ್ಷಗಳ ಬದುಕು ಒಂದೇ ಸೂರಿನ ಕೆಳಗೆ ಸಿಗುವುದು ಇಲ್ಲಿ. ಸಮಯ ಕಡಿಮೆ ಇದ್ದರೆ ನಾನು ಕ್ಯಾಥೆಡ್ರಲನ್ನೇ ಬಿಡುತ್ತೇನೆ.

ಕಲ್ಲು: ಕಿಲ್ಪೆಕ್

ಹೆರಿಫರ್ಡ್‌ಶೈರಿನ ಕಿಲ್ಪೆಕ್ ಎಂಬ ಪುಟ್ಟ ಹಳ್ಳಿಯಲ್ಲಿ ಕೆಂಪು ಮರಳುಗಲ್ಲಿನ ಸಣ್ಣ ಚರ್ಚೊಂದಿದೆ. ಸುಮಾರು 1140ರಲ್ಲಿ ಕಟ್ಟಿದ್ದು. ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ ಎಂದು ನೆನೆದರೆ ಕಾಲದ ಅಂದಾಜು ಸಿಗುತ್ತದೆ. ದಕ್ಷಿಣದ ಬಾಗಿಲ ಸುತ್ತ ಒಂದರ ಬಾಲವನ್ನು ಇನ್ನೊಂದು ನುಂಗಿದ ಹಾವುಗಳು, ಬಳ್ಳಿಗಳ ನಡುವೆ ಸಿಕ್ಕಿಕೊಂಡ ಯೋಧರು, ಮೇಲೆ ಅರ್ಧಚಂದ್ರಾಕಾರದ ಹಲಗೆಯಲ್ಲಿ ಜೀವವೃಕ್ಷ ಇವೆ. ಆದರೆ ಈ ಚರ್ಚಿನ ನಿಜವಾದ ಸಂಪತ್ತು ಇರುವುದು ಚಾವಣಿಯ ಅಂಚಿನ ಕೆಳಗೆ. ಗೋಡೆಯಿಂದ ಹೊರಚಾಚಿದ ಆಧಾರಕಲ್ಲುಗಳನ್ನು ಇಂಗ್ಲಿಷಿನಲ್ಲಿ ಕಾರ್ಬೆಲ್ ಎನ್ನುತ್ತಾರೆ. ಇಲ್ಲಿ ಅಂಥವು 80ಕ್ಕೂ ಹೆಚ್ಚು ಉಳಿದಿವೆ, ಒಂದೊಂದರಲ್ಲೂ ಒಂದೊಂದು ಆಕೃತಿ.

ನನ್ನ ತಾಯಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಮಂಡಿನೋವಿನವರು, ಬೈಬಲ್ಲಿನ ಒಂದು ಕಥೆಯೂ ಗೊತ್ತಿಲ್ಲದವರು. ನಾನು ಬಾಗಿಲ ಬಳಿ ನಿಂತು ವಿವರಿಸಲು ಶುರುಮಾಡುವ ಹೊತ್ತಿಗೆ ಅವರು ತಲೆಯೆತ್ತಿ ನೋಡುತ್ತ ಚರ್ಚಿನ ಸುತ್ತ ಪ್ರದಕ್ಷಿಣೆ ಹೊರಟಿದ್ದರು. ಗೋಡೆಯ ಉದ್ದಕ್ಕೂ ಸಾಲುಗಟ್ಟಿದ ಕಲ್ಲುಗಳು ಹಾಗೆಯೇ ನಡೆಸಿಕೊಂಡು ಹೋಗುತ್ತವೆ. ಒಂದು ಕಡೆ ನಿಂತವರು ಮುಂದಕ್ಕೆ ಹೋಗಲೇ ಇಲ್ಲ. ನಾಯಿಯ ಪಕ್ಕ ಮೊಲ, ಎರಡರದೂ ದುಂಡು ಕಣ್ಣು, ನಾಯಿಯ ಜೋಲುಗಿವಿ, ಮೊಲದ ನಿಗುರುಗಿವಿ. ಬೇಟೆಗಾರನೂ ಬೇಟೆಯೂ ಅಕ್ಕಪಕ್ಕದ ಮನೆಯ ಮಕ್ಕಳ ಹಾಗೆ ಭುಜಕ್ಕೆ ಭುಜ ತಾಗಿಸಿ ಕೂತಿವೆ. "ಇದನ್ನು ಕೆತ್ತಿದವನು ಮನೆಯಲ್ಲಿ ನಾಯಿ ಸಾಕಿದ್ದ" ಎಂದರು ಅಮ್ಮ. ಅಷ್ಟು ನಿಖರವಾಗಿ ಯಾವ ಕೈಪಿಡಿಯೂ ನನಗೆ ಹೇಳಿರಲಿಲ್ಲ.

ಇನ್ನೊಂದು ಕಾರ್ಬೆಲ್ಲಿನ ವಿಚಾರವನ್ನು ಮೊದಲೇ ಹೇಳಿಬಿಡಬೇಕು. ಶೀಲಾ ನ ಗಿಗ್ ಎಂದು ಕರೆಯುವ, ತನ್ನ ಯೋನಿಯನ್ನು ಎರಡು ಕೈಗಳಿಂದ ತೆರೆದು ತೋರಿಸುವ ಹೆಣ್ಣಿನ ಶಿಲ್ಪ ಅದು. ಕಾಮದ ವಿರುದ್ಧದ ಎಚ್ಚರಿಕೆ ಎನ್ನುವವರೂ, ದೃಷ್ಟಿ ತಗಲದಿರಲು ಇಟ್ಟದ್ದು ಎನ್ನುವವರೂ ಇದ್ದಾರೆ. ದೇವಾಲಯದ ಹೊರಗೋಡೆಗಳನ್ನು ನೋಡಿ ಬೆಳೆದವರಿಗೆ ಇದರಿಂದ ಗಾಬರಿಯಾಗಬೇಕಿಲ್ಲ.

ಕ್ರೈಸ್ತ ಕಥೆಗಳ ಪರಿಚಯವಿಲ್ಲದವರು ಮೊದಲು ನೋಡಬೇಕಾದದ್ದು ಕಿಲ್ಪೆಕ್ ಎಂದು ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ. ಅಲ್ಲಿ ಯಾವ ಪೂರ್ವಸಿದ್ಧತೆಯೂ ಬೇಡ. ತೊಂದರೆ ಇರುವುದು ದಾರಿಯಲ್ಲಿ. ಲಂಡನ್ನಿನ ಪ್ಯಾಡಿಂಗ್ಟನ್ನಿನಿಂದ ಹೆರಿಫರ್ಡಿಗೆ ರೈಲಿನಲ್ಲಿ ಸುಮಾರು ಮೂರು ತಾಸು, ಅಲ್ಲಿಂದ ಮುಂದಕ್ಕೆ ಟ್ಯಾಕ್ಸಿಯೇ ಗತಿ. ಕಾರಿದ್ದರೆ ವೇಲ್ಸ್ ಗಡಿಯ ಪ್ರವಾಸಕ್ಕೆ ಸೇರಿಸಿಕೊಂಡು ಒಂದು ರಾತ್ರಿ ತಂಗುವುದು ಒಳ್ಳೆಯದು. ಬಿಸಿಲಿರುವ ದಿನ ಮಧ್ಯಾಹ್ನದ ಸುಮಾರಿಗೆ ತಲುಪಿ. ದಕ್ಷಿಣದ ಬಾಗಿಲಿನ ಕೆತ್ತನೆಯ ಮೇಲೆ ಬಿಸಿಲು ಓರೆಯಾಗಿ ಬಿದ್ದಾಗ ಹಾವುಗಳು ಕಲ್ಲಿನಿಂದ ಎದ್ದು ಬಂದಂತೆ ಕಾಣುತ್ತವೆ.

ಕಲ್ಲಿನಲ್ಲೇ ಇನ್ನೂ ಹಳೆಯದು ಬೇಕೆಂದರೆ ಉತ್ತರದ ಡರಮ್ ಸೀಮೆಯ ಎಸ್ಕಮ್ ಇದೆ. ಏಳನೆಯ ಶತಮಾನದ ಸ್ಯಾಕ್ಸನ್ನರ ಚರ್ಚು ಅದು. ಹತ್ತಿರದ ಪಾಳುಬಿದ್ದ ರೋಮನ್ ಕೋಟೆಯ ಕಲ್ಲುಗಳನ್ನು ತಂದು ಕಟ್ಟಿದ್ದಾರೆ. ರೋಮನ್ನರ ಆರನೆಯ ದಳದ ಹೆಸರು ಕೊರೆದ ಕಲ್ಲೊಂದು ಗೋಡೆಯಲ್ಲಿ ತಲೆಕೆಳಗಾಗಿ ಕೂತಿದೆ. ಅಕ್ಷರ ಓದಲು ಬಾರದ ಗಾರೆಯವನೊಬ್ಬ ಒಳ್ಳೆಯ ಕಲ್ಲು ಸಿಕ್ಕಿತೆಂದು ಅದನ್ನು ಇಟ್ಟಿರಬೇಕು. ಕೆತ್ತನೆ ಕಡಿಮೆ, ಎತ್ತರದ ಇಕ್ಕಟ್ಟಾದ ಗೋಡೆಗಳ ನಡುವಿನ ಮೌನವೇ ಹೆಚ್ಚು. ಡರಮ್ ಕಡೆಗೆ ಹೇಗೂ ಹೋಗುವವರು ಬಿಡಬಾರದು. ಇದೊಂದಕ್ಕೇ ಲಂಡನ್ನಿನಿಂದ ಹೋಗಿ ಎಂದು ಮಾತ್ರ ಹೇಳಲಾರೆ.

ಗಾಜು: ಫೇರ್‌ಫರ್ಡ್ ಅಥವಾ ಟೂಡ್ಲಿ

ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡ್ ರೋಮಿನ ಪೋಪರಿಂದ ಬೇರೆಯಾದ ಮೇಲೆ ಚರ್ಚುಗಳ ಪ್ರತಿಮೆಗಳನ್ನು ಒಡೆದರು, ಗೋಡೆಯ ಚಿತ್ರಗಳಿಗೆ ಸುಣ್ಣ ಬಳಿದರು. ನೂರು ವರ್ಷದ ನಂತರ ಅಂತರ್ಯುದ್ಧದ ಕಾಲದಲ್ಲಿ ಪ್ರತಿಮೆ, ಚಿತ್ರಗಳನ್ನು ಒಪ್ಪದ ಪ್ಯೂರಿಟನ್ ಪಂಥದವರು ಉಳಿದಿದ್ದನ್ನೂ ಹುಡುಕಿ ಹುಡುಕಿ ಕೆಡವಿದರು. ಹಾಗಾಗಿ ಮಧ್ಯಯುಗದ ಬಣ್ಣದ ಗಾಜು ಹೆಚ್ಚಿನ ಕಡೆ ಚೂರುಚೂರಾಗಿ ಉಳಿದಿದೆ. ಗ್ಲಾಸ್ಟರ್‌ಶೈರಿನ ಫೇರ್‌ಫರ್ಡಿನಲ್ಲಿ ಮಾತ್ರ 28 ಕಿಟಕಿಗಳ ಇಡೀ ಸರಣಿ ಉಳಿದುಬಂದಿದೆ. ಜಾನ್ ಟೇಮ್ ಎಂಬ ಉಣ್ಣೆ ವ್ಯಾಪಾರಿ ಚರ್ಚನ್ನು ಹೊಸದಾಗಿ ಕಟ್ಟಿಸತೊಡಗಿದ, ಮಗ ಎಡ್ಮಂಡ್ ಮುಗಿಸಿದ. ಗಾಜಿನ ಕೆಲಸ ಹದಿನಾರನೆಯ ಶತಮಾನದ ಆರಂಭದ್ದು.

ಓದುವ ಕ್ರಮ ಹೀಗೆ: ಉತ್ತರದ ಗೋಡೆಯಲ್ಲಿ ಈವಳಿಗೆ ಹಣ್ಣಿನ ಆಸೆ ತೋರಿಸುವ ಸರ್ಪದಿಂದ ಶುರುಮಾಡಿ, ಪೂರ್ವದ ದೊಡ್ಡ ಕಿಟಕಿಯ ಶಿಲುಬೆಯ ದೃಶ್ಯದ ಮೂಲಕ ಸುತ್ತಿಬಂದು, ಪಶ್ಚಿಮದ ಕೊನೆಯ ತೀರ್ಪಿನಲ್ಲಿ ನಿಲ್ಲಬೇಕು. ಆ ಪಶ್ಚಿಮದ ಕಿಟಕಿಯ ಬಲಮೂಲೆಯಲ್ಲಿ ನರಕವಿದೆ. ಕೆಂಪು, ನೀಲಿ ದೆವ್ವಗಳು ಪಾಪಿಗಳನ್ನು ಎಳೆದೊಯ್ಯುತ್ತವೆ, ಸಂಜೆಯ ಸೂರ್ಯ ಹಿಂದಿನಿಂದ ಬಂದಾಗ ಆ ಕೆಂಪು ಉರಿಯುವ ಕೆಂಡವಾಗುತ್ತದೆ. ಕಿಟಕಿಯ ಮೇಲಿನ ಅರ್ಧ 1703ರ ಬಿರುಗಾಳಿಯಲ್ಲಿ ಹಾಳಾಗಿ ಹತ್ತೊಂಬತ್ತನೆಯ ಶತಮಾನದಲ್ಲಿ ಹೊಸದಾಗಿ ಮಾಡಿಸಿದ್ದು. ಕೆಳಗಿನ ಗಾಜಿನ ಆಳ ಮೇಲಿನದಕ್ಕೆ ಇಲ್ಲವೆಂದು ಬರಿಗಣ್ಣಿಗೇ ತಿಳಿಯುತ್ತದೆ. ಎರಡನೆಯ ಮಹಾಯುದ್ಧದ ವೇಳೆ ಈ ಗಾಜನ್ನೆಲ್ಲ ಬಿಚ್ಚಿ ಜೋಪಾನವಾಗಿ ಇಟ್ಟಿದ್ದರು.

ಫೇರ್‌ಫರ್ಡಿಗೆ ತಯಾರಿ ಬೇಕು. ಕಥೆ ಗೊತ್ತಿಲ್ಲದೆ ಹೋದರೆ 28 ಕಿಟಕಿಗಳೂ ಒಂದೇ ಬಣ್ಣದ ರಾಶಿಯಾಗಿ ಕಾಣುತ್ತವೆ. ರಾಮಾಯಣ ಕೇಳದವರು ಅಮೃತಪುರದ ಅಮೃತೇಶ್ವರನ ಗೋಡೆಯ ರಾಮಾಯಣದ ಸಾಲನ್ನು ನೋಡಿದಂತೆ. ಹಿಂದಿನ ದಿನ ಒಂದು ತಾಸು ಆದಾಮ ಈವರಿಂದ ಯೇಸುವಿನ ಪುನರುತ್ಥಾನದವರೆಗಿನ ಕಥೆಯನ್ನು ಓದಿಕೊಂಡು ಹೋಗಿ, ಕೈಯಲ್ಲಿ ಒಂದು ದುರ್ಬೀನು ಇಟ್ಟುಕೊಳ್ಳಿ. ಮಕ್ಕಳಿದ್ದರೆ ಹೊರಗಿನ ಸಮಾಧಿಗಳ ನಡುವೆ ಒಂದು ಕಲ್ಲಿನ ಬೆಕ್ಕನ್ನು ಹುಡುಕಲು ಹೇಳಿ. ಚರ್ಚಿನಲ್ಲೇ ವಾಸವಾಗಿದ್ದ ಟಿಡಲ್ಸ್ ಎಂಬ ಬೆಕ್ಕಿನ ಸಮಾಧಿ ಅದು, 1963ರಿಂದ 1980ರವರೆಗೆ ಬದುಕಿತ್ತು. ಸ್ವಿಂಡನ್ನಿನವರೆಗೆ ರೈಲು, ಆಮೇಲೆ ರಸ್ತೆ. ರೆಡಿಂಗ್ ಕಡೆಯವರಿಗೆ ಒಂದು ದಿನದಲ್ಲಿ ಆರಾಮವಾಗಿ ಆಗುತ್ತದೆ.

ಕೆಂಟಿನ ಟೂಡ್ಲಿ ಇದಕ್ಕೆ ತೀರಾ ವಿರುದ್ಧ. ಹೊಲಗಳ ನಡುವಿನ ಚಿಕ್ಕ ಚರ್ಚು, ಹೊರಗಿನಿಂದ ನೋಡಿದರೆ ಗಾಡಿ ನಿಲ್ಲಿಸಬೇಕೆನಿಸುವುದಿಲ್ಲ. ಒಳಗೆ ಹನ್ನೆರಡು ಕಿಟಕಿಗಳೂ ಇಪ್ಪತ್ತನೆಯ ಶತಮಾನದ ಹೆಸರಾಂತ ಚಿತ್ರಕಾರ ಮಾರ್ಕ್ ಶಗಾಲರವು. 1963ರಲ್ಲಿ ಸಮುದ್ರದಲ್ಲಿ ದೋಣಿ ಮುಳುಗಿ ತೀರಿಕೊಂಡ ಯುವತಿಯ ನೆನಪಿಗೆ ತಂದೆತಾಯಿ ಪೂರ್ವದ ಒಂದು ಕಿಟಕಿಯನ್ನು ಮಾತ್ರ ಮಾಡಿಸಿದ್ದರು. 1967ರಲ್ಲಿ ಅದನ್ನು ಕೂರಿಸುವಾಗ ಬಂದ ಶಗಾಲರು ಚರ್ಚನ್ನು ಕಂಡು ಎಲ್ಲ ಕಿಟಕಿಗಳನ್ನೂ ತಾವೇ ಮಾಡಲು ಮನಸ್ಸು ಮಾಡಿದರು. ಕೊನೆಯವು ಜಾಗ ಸೇರಿದ್ದು 1985ರಲ್ಲಿ, ಅವರು ತೀರಿಕೊಂಡ ವರ್ಷ. ಪೂರ್ವದ ಕಿಟಕಿಯ ಕೆಳಭಾಗದಲ್ಲಿ ನೀಲಿ ಅಲೆಗಳ ನಡುವೆ ಆ ಹುಡುಗಿ ತೇಲುತ್ತಿದ್ದಾಳೆ. ಮೇಲೆ ಶಿಲುಬೆ, ಅದಕ್ಕೆ ಒರಗಿಸಿದ ಏಣಿ, ಆ ಏಣಿಯನ್ನು ಹತ್ತುತ್ತಿರುವವಳೂ ಅವಳೇ. ಇಲ್ಲಿ ಯಾವ ಕಥೆಯೂ ಗೊತ್ತಿರಬೇಕಿಲ್ಲ. ಮಕ್ಕಳನ್ನು ಕಳೆದುಕೊಂಡವರನ್ನು ಕರೆದುಕೊಂಡು ಹೋಗುವಾಗ ಮಾತ್ರ ಮೊದಲೇ ತಿಳಿಸಿ. ಟನ್‌ಬ್ರಿಜ್ ನಿಲ್ದಾಣದಿಂದ ಟ್ಯಾಕ್ಸಿಯಲ್ಲಿ ಕೆಲವೇ ನಿಮಿಷ, ಲಂಡನ್ನಿನಿಂದ ಅರ್ಧ ದಿನ ಸಾಕು. ಬೆಳಗಿನ ಹೊತ್ತೇ ಆಗಬೇಕು, ಮುಖ್ಯ ಕಿಟಕಿ ಪೂರ್ವಕ್ಕಿದೆ.

ಎರಡರಲ್ಲಿ ಒಂದೆಂದರೆ? ಓದಿಕೊಂಡು ಹೋಗುವ ತಾಳ್ಮೆ ಇರುವವರಿಗೆ ಫೇರ್‌ಫರ್ಡ್. ಉಳಿದವರಿಗೆಲ್ಲ ಟೂಡ್ಲಿ, ಅದನ್ನು ನಾನು ಎರಡನೆಯ ದರ್ಜೆಯ ಆಯ್ಕೆಯೆಂದು ಹೇಳುತ್ತಿಲ್ಲ.

ಮರ: ಬ್ಲೈಬರಾ

ಸಫಕ್ ಸೀಮೆಯಲ್ಲಿ ಕಟ್ಟಡಕ್ಕೆ ಒಳ್ಳೆಯ ಕಲ್ಲು ಸಿಗುವುದಿಲ್ಲ, ಸಿಗುವುದು ಚಕಮಕಿ ಕಲ್ಲು. ಹಾಗಾಗಿ ಅಲ್ಲಿಯ ಚರ್ಚುಗಳ ಹೊರಗೋಡೆಯಲ್ಲಿ ಆಳವಾದ ಶಿಲ್ಪವಿಲ್ಲ. ಒಡೆದ ಚಕಮಕಿಯ ಕಪ್ಪು ಹೊಳಪನ್ನು ಬಿಳಿ ಕಲ್ಲಿನ ನಡುವೆ ಕೂರಿಸಿ ರಂಗೋಲಿಯಂತೆ ವಿನ್ಯಾಸ ಮಾಡಿದ್ದಾರೆ. ಕೆತ್ತನೆಯ ಹಂಬಲವೆಲ್ಲ ಒಳಗಿನ ಮರಕ್ಕೆ ಹೋಗಿದೆ. ಬ್ಲೈಬರಾ ಒಂದು ಕಾಲದಲ್ಲಿ ಬಂದರು, ನದಿಯಲ್ಲಿ ಹೂಳು ತುಂಬಿ ವ್ಯಾಪಾರ ಹೋಯಿತು. ಊರು ಕುಗ್ಗಿತು, ಹದಿನೈದನೆಯ ಶತಮಾನದ ದೊಡ್ಡ ಚರ್ಚು ಮಾತ್ರ ಜವುಗುನೆಲದ ಅಂಚಿನಲ್ಲಿ ಉಳಿದುಕೊಂಡಿತು.

ಒಳಗೆ ಹೋಗಿ ತಲೆಯೆತ್ತಿದರೆ ಚಾವಣಿಯ ನಡುತೊಲೆಯ ಉದ್ದಕ್ಕೂ ರೆಕ್ಕೆ ಬಿಚ್ಚಿದ ಮರದ ದೇವದೂತರು, ಬೆನ್ನಿಗೆ ಬೆನ್ನು ಕೊಟ್ಟು ಜೋಡಿಜೋಡಿಯಾಗಿ. ಬಣ್ಣ ಮಾಸಿದೆ, ಮಾಸಿದ್ದೇ ಚಂದ. 1644ರಲ್ಲಿ ವಿಲಿಯಂ ಡೌಸಿಂಗ್ ಎಂಬ ಪ್ಯೂರಿಟನ್ ಅಧಿಕಾರಿ ಇಲ್ಲಿನ ಪ್ರತಿಮೆಗಳನ್ನು ಒಡೆಸಲು ಬಂದಿದ್ದ. ದೇವದೂತರ ಮೈಯಲ್ಲಿದ್ದ ಸೀಸದ ಗುಂಡುಗಳು ಅವನ ಕಡೆಯವರು ಹೊಡೆದವೇ ಎಂದು ಜನ ಬಹುಕಾಲ ನಂಬಿದ್ದರು. ಆ ಗುಂಡುಗಳು ಹದಿನೆಂಟನೆಯ ಶತಮಾನದಲ್ಲಿ ಚಾವಣಿ ಸೇರಿದ್ದ ಹಕ್ಕಿಗಳನ್ನು ಓಡಿಸಲು ಹೊಡೆದವು ಎಂದು ಆಮೇಲೆ ತಿಳಿಯಿತು. ಉತ್ತರದ ಬಾಗಿಲಲ್ಲಿ ಸುಟ್ಟ ಗುರುತುಗಳಿವೆ. 1577ರ ಆಗಸ್ಟಿನ ಸಿಡಿಲು ಮಳೆಯಲ್ಲಿ ಕರಿನಾಯಿಯ ರೂಪದ ದೆವ್ವ ಬಂದು ಕೆರೆದದ್ದು ಎಂದು ಊರ ಕಥೆ.

ತಲೆಯೆತ್ತಿ ಕತ್ತು ನೋಯತೊಡಗಿದಾಗ ಬೆಂಚುಗಳ ಕೊನೆಯನ್ನು ನೋಡಿ. ಪ್ರತಿ ಬೆಂಚಿನ ತುದಿಗೆ ಮೊಣಕೈ ಎತ್ತರದಲ್ಲಿ ಒಂದು ಬೊಂಬೆ. ಏಳು ಮಹಾಪಾಪಗಳಲ್ಲಿ ಸೋಮಾರಿತನ ಹಾಸಿಗೆಯಲ್ಲಿ ಎದ್ದು ಕೂತಿದೆ, ಹೊದಿಕೆಯನ್ನು ಬಿಟ್ಟಿಲ್ಲ. ಐನೂರು ವರ್ಷ ಜನ ಕೈಯೂರಿ ಎದ್ದು ಕೂತು ಅದರ ತಲೆ ಸವೆದು ನುಣ್ಣಗಾಗಿದೆ. ಮುಟ್ಟಿದರೆ ಹಳೆಯ ಮಜ್ಜಿಗೆ ಕಡಗೋಲಿನ ಹಿಡಿಯ ಹಾಗಿರುತ್ತದೆ. ನನ್ನ ಮಟ್ಟಿಗೆ ಇಂಗ್ಲೆಂಡಿನ ಎಲ್ಲ ಊರ ಚರ್ಚುಗಳಲ್ಲಿ ಒಳಾಂಗಣಕ್ಕೆ ಇದೇ ಮೇಲು. ಬಣ್ಣದ ಗಾಜು ಹೋದ ಕಿಟಕಿಗಳಿಂದ ಕಡಲ ಕಡೆಯ ಬಿಳಿ ಬೆಳಕು ತಡೆಯಿಲ್ಲದೆ ಒಳಗೆ ಬರುತ್ತದೆ, ಮೋಡದ ದಿನವೂ ನೋಡಲು ತಕ್ಕ ಚರ್ಚು ಇದೊಂದೇ.

ಅದೇ ಸಫಕ್‌ನ ಲಾಂಗ್ ಮೆಲ್ಫರ್ಡ್ ಮತ್ತು ಲ್ಯಾವೆನಮ್ ಹೆಚ್ಚು ಪ್ರಸಿದ್ಧ. ಎರಡೂ ಬಟ್ಟೆ ವ್ಯಾಪಾರಿಗಳ ಹಣದಿಂದ ಎದ್ದವು. ಲ್ಯಾವೆನಮ್‌ನ ಗೋಪುರ 141 ಅಡಿ ಎತ್ತರ. ಆದರೆ ಅಲ್ಲಿ ಚರ್ಚಿಗಿಂತ ಊರೇ ಚಂದ, ಮರದ ಚೌಕಟ್ಟಿನ ವಾಲಿದ ಮನೆಗಳ ಬೀದಿಗಳು. ಮೆಲ್ಫರ್ಡಿನಲ್ಲಿ ಚರ್ಚಿನ ಹೊರಗೋಡೆಯ ಮೇಲುಗಡೆ ಕಟ್ಟಿಸಿದವರ ಹೆಸರುಗಳನ್ನು ಚಕಮಕಿಯ ನಡುವೆ ಬರೆಸಿ, ತಮ್ಮ ಆತ್ಮಗಳಿಗಾಗಿ ಪ್ರಾರ್ಥಿಸಿ ಎಂದು ಕೇಳಿಕೊಂಡಿದ್ದಾರೆ. ಹಿಂಬದಿಯ ಮೇರಿಯ ಗುಡಿ ಕೆಲವು ಕಾಲ ಶಾಲೆಯಾಗಿತ್ತು, ಗೋಡೆಯ ಮೇಲೆ ಮಗ್ಗಿಯ ಕೋಷ್ಟಕ ಇನ್ನೂ ಇದೆ. ಎರಡೂ ಊರುಗಳು ಸಡ್ಬರಿಯಿಂದ ಬೆರಿ ಸೇಂಟ್ ಎಡ್ಮಂಡ್ಸ್ ಕಡೆಗೆ ಹೋಗುವ ಬಸ್ಸಿನ ದಾರಿಯಲ್ಲಿವೆ. ಹಾಗಾಗಿ ಕಾರಿಲ್ಲದವರಿಗೆ, ಜೊತೆಗಿರುವವರಿಗೆ ಚರ್ಚಿನಲ್ಲಿ ಅಷ್ಟು ಆಸಕ್ತಿ ಇಲ್ಲದಿದ್ದರೆ, ಈ ಜೋಡಿಯೇ ಸರಿ. ಕಾರಿದ್ದರೆ ಬ್ಲೈಬರಾ.

ಲಂಡನ್ ಬಿಟ್ಟು ಹೋಗಲಾಗದವರಿಗೆ

ಸ್ಮಿತ್‌ಫೀಲ್ಡಿನ ಸೇಂಟ್ ಬಾರ್ಥಲಮ್ಯೂ ದಿ ಗ್ರೇಟ್ 1123ರಲ್ಲಿ ಸ್ಥಾಪನೆಯಾದದ್ದು, ಲಂಡನ್ನನ್ನು ಸುಟ್ಟ 1666ರ ಮಹಾಬೆಂಕಿಯಿಂದ ತಪ್ಪಿಸಿಕೊಂಡದ್ದು. ಆ ದಪ್ಪ ದುಂಡು ಕಂಬಗಳ ನಡುವೆ ನಿಂತಾಗ ಹೊರಗಿನ ನಗರ ಮರೆತೇಹೋಗುತ್ತದೆ. ಬೆಂಕಿಯ ನಂತರ ವಾಸ್ತುಶಿಲ್ಪಿ ಕ್ರಿಸ್ಟೊಫರ್ ರೆನ್ ಕಟ್ಟಿಸಿದ ಚರ್ಚುಗಳಲ್ಲಿ ಸೇಂಟ್ ಸ್ಟೀಫನ್ ವಾಲ್‌ಬ್ರೂಕ್‌ನ ಗುಮ್ಮಟ ಒಂದನ್ನು ನೋಡಿದರೆ ಸಾಕು. ಹಳ್ಳಿಯಲ್ಲಿ ಶನಿವಾರ ಒಳ್ಳೆಯದು, ಲಂಡನ್ನಿನ ಹಳೆಯ ನಡುಭಾಗವಾದ 'ಸಿಟಿ'ಯಲ್ಲಿ ಹಾಗಲ್ಲ: ವಾರಾಂತ್ಯಕ್ಕೆ ಅಲ್ಲಿಯ ಅನೇಕ ಚರ್ಚುಗಳು ಮುಚ್ಚಿರುತ್ತವೆ. ವಾರದ ದಿನ ಮಧ್ಯಾಹ್ನ ಹೋಗಿ.

ಭಾನುವಾರವೋ, ಬೇರೆ ದಿನವೋ

ಕಟ್ಟಡ ನೋಡಲು ಬರುವವರು ಭಾನುವಾರ ಬೆಳಗ್ಗೆ ಬರಬಾರದು, ಆರಾಧನೆ ನಡೆಯುತ್ತಿರುತ್ತದೆ. ಆರಾಧನೆಯನ್ನೇ ನೋಡುವ ಮನಸ್ಸಿದ್ದರೆ ಬನ್ನಿ, ಹಿಂದಿನ ಬೆಂಚಿನಲ್ಲಿ ಕೂರಿ, ಎಲ್ಲರೂ ಎದ್ದಾಗ ಏಳಿ. ರೊಟ್ಟಿ ಮತ್ತು ದ್ರಾಕ್ಷಾರಸ ಹಂಚುವಾಗ ಕೂತಲ್ಲೇ ಇರಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಸುಗ್ಗಿಯ ಹಬ್ಬಕ್ಕೆ ಕಿಟಕಿಗಳ ಕಟ್ಟೆಯ ಮೇಲೆ ಕುಂಬಳಕಾಯಿ, ಸೇಬು, ಗೋಧಿಯ ತೆನೆಗಳನ್ನು ಇಟ್ಟು ಅಲಂಕರಿಸುತ್ತಾರೆ. ಆಗ ಹೋದರೆ ನಮ್ಮವರಿಗೆ ಬಹಳ ಹತ್ತಿರವೆನಿಸುತ್ತದೆ. ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲು. ಗಾಜಿನ ಚರ್ಚುಗಳನ್ನು ಡಿಸೆಂಬರಿಗೆ ಇಟ್ಟುಕೊಳ್ಳಬೇಡಿ.

ಬಾಗಿಲು ಮುಚ್ಚಿದ್ದರೆ ಬೀಗ ಹಾಕಿದೆ ಎಂದುಕೊಂಡು ಹಿಂದಿರುಗಬೇಡಿ. ಕಬ್ಬಿಣದ ಬಳೆಯನ್ನು ಎರಡು ಕೈಯಿಂದ ತಿರುಗಿಸಿ ಒತ್ತಿ, ಹೆಚ್ಚಾಗಿ ತೆರೆಯುತ್ತದೆ. ನಿಜವಾಗಿ ಬೀಗವಿದ್ದರೆ ಮುಖಮಂಟಪದ ಫಲಕದಲ್ಲಿ ಕೀಲಿ ಯಾರ ಮನೆಯಲ್ಲಿದೆ ಎಂದು ಬರೆದಿರುತ್ತಾರೆ. ಒಳಗೆ ಬಂದ ಮೇಲೆ ಬಾಗಿಲು ಹಾಕಿಕೊಳ್ಳಿ, ಹಕ್ಕಿ ನುಗ್ಗಿದರೆ ಹೊರಗೆ ಬರಲಾರದೆ ಸಾಯುತ್ತದೆ. ಚಪ್ಪಲಿ ಬಿಡಬೇಕಿಲ್ಲ. ಫೇರ್‌ಫರ್ಡಿನಲ್ಲಿ ಅಮ್ಮ ಮಂಟಪದಲ್ಲೇ ಬೂಟು ಬಿಚ್ಚಿಟ್ಟು ಒಳಗೆ ಬಂದಾಗ, ಹೂವು ಜೋಡಿಸುತ್ತಿದ್ದ ಹೆಂಗಸೊಬ್ಬರು ನೆಲ ತಣ್ಣಗಿದೆ ಎಂದು ತಾವೇ ಹೋಗಿ ಬೂಟು ತಂದುಕೊಟ್ಟರು. ಬೇಸಿಗೆಯಲ್ಲೂ ಸ್ವೆಟರ್ ಇರಲಿ. ಶೌಚಾಲಯ ಇರುತ್ತದೆಂಬ ಭರವಸೆ ಬೇಡ. ಹೊರಡುವಾಗ ಕಾಣಿಕೆಯ ಡಬ್ಬಿಗೆ ಐದು ಪೌಂಡಾದರೂ ಹಾಕಿ, ಚಾವಣಿ ರಿಪೇರಿಯ ಹೊರೆ ಬಹುಪಾಲು ಆ ಊರಿನವರ ಮೇಲೇ ಇದೆ.

ಆರಾಧನೆ ನಿಂತುಹೋದ ಚರ್ಚುಗಳೂ ಇವೆ. ಅಂಥ 350ಕ್ಕೂ ಹೆಚ್ಚು ಕಟ್ಟಡಗಳನ್ನು 1969ರಲ್ಲಿ ಆರಂಭವಾದ ಚರ್ಚಸ್ ಕನ್ಸರ್ವೇಶನ್ ಟ್ರಸ್ಟ್ ನೋಡಿಕೊಳ್ಳುತ್ತಿದೆ. ಜನರಿಲ್ಲದ ಮೌನ ಬೇಕಾದವರು ಅವುಗಳನ್ನು ಆರಿಸಿಕೊಳ್ಳಬಹುದು. ನನಗೆ ಮಾತ್ರ ಹೂವು ಜೋಡಿಸುವ ಹೆಂಗಸು ಇರುವ ಚರ್ಚೇ ಇಷ್ಟ.

ಕನ್ನಡಿಗರಿಗೆ ಇನ್ನೊಂದು

ಕೆಂಟಿನಲ್ಲಿ ಫ್ಯಾವರ್‌ಶಮ್ ಪಟ್ಟಣದ ದಕ್ಷಿಣಕ್ಕೆ ಥ್ರೋಲಿ ಎಂಬ ಹಳ್ಳಿಯಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣವನ್ನು ಹಿಡಿದ ಬ್ರಿಟಿಷ್ ಸೇನೆಯ ದಂಡನಾಯಕ ಜಾರ್ಜ್ ಹ್ಯಾರಿಸ್ ಇದೇ ಹಳ್ಳಿಯ ಬೆಲ್ಮಾಂಟ್ ಎಂಬ ಮನೆಯಲ್ಲಿ ನೆಲೆಸಿ 1829ರಲ್ಲಿ ತೀರಿಕೊಂಡ. ಊರ ಚರ್ಚಿನಲ್ಲಿ ಅವನ ಸ್ಮಾರಕವಿದೆ. ಅವನಿಗೆ 1815ರಲ್ಲಿ ಸಿಕ್ಕ ಪದವಿಯ ಪೂರ್ಣ ಹೆಸರಿನಲ್ಲಿ ಶ್ರೀರಂಗಪಟ್ಟಣವೂ ಮೈಸೂರೂ ಸೇರಿವೆ. ಕಲೆಯ ದೃಷ್ಟಿಯಿಂದ ಮೇಲೆ ಹೇಳಿದ ಯಾವುದಕ್ಕೂ ಥ್ರೋಲಿ ಸಾಟಿಯಲ್ಲ, ಮೊದಲ ಸಲದ ಪ್ರವಾಸಕ್ಕೆ ಅದನ್ನು ಹೇಳುವುದಿಲ್ಲ. ಆದರೆ ಮಂಡ್ಯ, ಮೈಸೂರು ಸೀಮೆಯಿಂದ ಬಂದವರು ಕೆಂಟಿಗೆ ಹೋದರೆ ಬೆಳಗ್ಗೆ ಟೂಡ್ಲಿ ಮುಗಿಸಿಕೊಂಡು ಮಧ್ಯಾಹ್ನ ಅಲ್ಲಿಗೆ ಹೋಗಿ. ಕೋಟೆಯ ಗೋಡೆ ಒಡೆದ ಜಾಗವನ್ನು ಕಾವೇರಿಯ ದಡದಲ್ಲಿ ನೋಡಿದವರು, ಆ ಗೋಡೆ ಒಡೆಸಿದವನ ಸ್ಮಾರಕದ ಮುಂದೆ ಕುರಿಗಳ ಕೂಗು ಕೇಳಿಸುವ ಹಳ್ಳಿಯಲ್ಲಿ ನಿಂತಾಗ ಏನನಿಸುತ್ತದೆಂದು ನಾನು ಮೊದಲೇ ಹೇಳುವುದು ಸರಿಯಲ್ಲ. ಬೀಗ ಹಾಕಿರಬಹುದು, ಹೊರಡುವ ಮೊದಲು ಚರ್ಚಿನವರಿಗೆ ಒಂದು ಫೋನ್ ಮಾಡಿಕೊಳ್ಳಿ.